ಮಂಜೂರಾಗದ ಹುದ್ದೆ

ರಾಧಾಮಣಿ ಮೇಡಂ ಹಠಮಾರಿ ಅಂತಾರೆ. ಅನ್ನಲಿ. ಹೌದು, ಹಠಮಾರಿಯೇ. ಚಿಕ್ಕಬಳ್ಳಾಪುರದ ನಮ್ಮ ಇಲಾಖೆ ಕಚೇರಿಯಲ್ಲಿ, ಯಾರು ಎಲ್ಲಿ ಕೆಲಸ ಮಾಡಬೇಕು ಅಂತ ನೋಡಿಕೊಳ್ಳೋ ಸಿಬ್ಬಂದಿ ಶಾಖೆ ಅವರ ಕೈಲಿತ್ತು.

ನಾನು ಮುನಿಲಕ್ಷ್ಮಿ, ಶಿಡ್ಲಘಟ್ಟದ ಹೆಣ್ಣುಮಕ್ಕಳ ಹಾಸ್ಟೆಲ್ ಅಡುಗೆಯವಳು. ಹಾಜರಿ ಹಾಕ್ತಿದ್ದದ್ದು ಹಾಸ್ಟೆಲಲ್ಲಿ, ಮುದ್ದೆ ತಿರುವ್ತಿದ್ದದ್ದು ನಮ್ಮ ಇಲಾಖೆಯ ದೊಡ್ಡ ಸಾಹೇಬರ ಮನೇಲಿ. ಅದೇ ಪದ್ಧತಿ ಆಗಿಹೋಗಿತ್ತು, ಯಾರೂ ತಪ್ಪು ಅಂತಿರಲಿಲ್ಲ.

ಒಂದು ದಿನ ಮೇಡಂ ಹಾಸ್ಟೆಲಿಗೆ ಬಂದಾಗ ಒಲೆ ಮುಂದೆ ಹುಡುಗಿಯರೇ ಸೌಟು ಹಿಡಿದು ನಿಂತಿದ್ದರು. ನೆಟ್ಟಗೆ ಸಾಹೇಬರ ಮನೆಗೆ ಬಂದು, ನನ್ನ ಕೈಯಿಂದ ಮುದ್ದೆ ಕೋಲು ಇಸ್ಕೊಂಡು ಕೆಳಗಿಟ್ಟರು. "ನಡಿಯಮ್ಮ, ಅಲ್ಲಿ ಮಕ್ಕಳು ಹಸ್ಕೊಂಡವೆ."

"ನಮ್ಮನೇಲಿ ಅಡುಗೆ ಯಾರ್ರೀ ಮಾಡ್ತಾರೆ?" ಅಂತ ಸಾಹೇಬರು ಗುಡುಗಿದರು.

"ನಿಮ್ಮನೆಗೆ ಅಡುಗೆಯವರ ಹುದ್ದೆ ಸರ್ಕಾರ ಮಂಜೂರು ಮಾಡಿಲ್ಲ ಸಾರ್."

ತಿಂಗಳೊಳಗೆ ಮೇಡಂನ ಗೌರಿಬಿದನೂರಿಗೆ ಎತ್ತಿ ಹಾಕಿದರು. ಅಲ್ಲಿ ಇನ್ನೊಬ್ಬ ಸಾಹೇಬರ ಹಸು ಮೇಯಿಸ್ತಿದ್ದ ವಾಚ್‌ಮನ್‌ನ ಮೇಡಂ ಹಾಸ್ಟೆಲಿಗೆ ವಾಪಸ್ ಕರೆಸಿದರು. ಆಮೇಲೆ ಮೇಡಂನ ಚಿಂತಾಮಣಿಗೆ ಹಾಕಿದರು. ಅಲ್ಲೂ ಅದೇ ಕಥೆ. ನಿವೃತ್ತಿ ಆಗೋವರೆಗೂ ಆಯಮ್ಮ ಬಗ್ಗಲಿಲ್ಲ.

ಹೋದ ವಾರ ಮೇಡಂ ತೀರಿಕೊಂಡರು. ಸಂತಾಪ ಸಭೆಯಲ್ಲಿ ಈಗಿನ ಸಾಹೇಬರು ಫೋಟೋಗೆ ಹಾರ ಹಾಕಿ, ಅವರ ಶಿಸ್ತನ್ನ ಬಾಯ್ತುಂಬ ಹೊಗಳಿದರು. ವೇದಿಕೆ ಇಳಿದು ನನ್ನ ಹತ್ತಿರ ಬಂದು ಮೆಲ್ಲಗೆ, "ನಾಳೆ ಮನೆಗೆ ನೆಂಟರು ಬರ್ತಾರೆ, ಅಡುಗೆಗೆ ಬಂದ್ಬಿಡಮ್ಮ" ಅಂದರು.

ಇಡೀ ಸಭೆಗೆ ಕೇಳೋ ಹಾಗೆ ನಾನಂದೆ: "ಆ ಹುದ್ದೆ ಇನ್ನೂ ಮಂಜೂರಾಗಿಲ್ಲ ಸಾರ್."