ಪೆಟ್ಟಿಗೆ ಇಳಿಸಿ ಬಂದ ಗಾಡಿ

ಬಸ್ರೂರಿನ ಮಹಾಲಿಂಗ ಐತಾಳರು ಗಾಡಿಯಲ್ಲಿ ಏನೂ ತೊಂದರೆ ಇಲ್ಲ ಅಂದರೆ ಮುಗಿಯಿತು, ಎದುರಾಡುವವರೇ ಇಲ್ಲ. ಕೋಟದ ಕಡೆಯ ಪೂಜೆಯ ಮನೆತನದಲ್ಲಿ ಹುಟ್ಟಿ, ಗಂಟೆ ಬಿಟ್ಟು ಸ್ಪ್ಯಾನರ್ ಹಿಡಿದ ಆಸಾಮಿ. ಹಳೇ ಬುಲೆಟ್ಟೋ ಯೆಜ್ಡಿಯೋ, ಯಾವ ಬೈಕೇ ಬರಲಿ, ಕಣ್ಣು ಮುಚ್ಚಿ ಒಂದು ನಿಮಿಷ ಕೇಳಿ ಪ್ಲಗ್ಗೋ ಪಾಯಿಂಟೋ ಕಾರ್ಬೊರೇಟರೋ ಅಂತ ಹೇಳಿಬಿಡುವರು. ಬೈಂದೂರಿನಿಂದಲೂ ಜನ ಬರುತ್ತಿದ್ದರು. ಹಠಮಾರಿ ಬೇರೆ, ಕೇಳಬೇಕೆ!

ಅಂಥವರಿಗೆ ಎರಡು ವರ್ಷದಿಂದ ನೆಮ್ಮದಿಯಿಲ್ಲ. ಸಂಧ್ಯಾವಂದನೆಗೆ ಕೂತರೆ ಎಲ್ಲಿಂದಲೋ ಒಂದು ಇಂಜಿನ್ ಓಡಿ ಬರುವುದು, ಮಧ್ಯೆ ಒಂದು ಹೊಡೆತ ತಪ್ಪುವುದು, ಮತ್ತೊಂದು ತಪ್ಪುವುದು, ಆಮೇಲೆ ನಿಂತೇ ಹೋಗುವುದು. ಎದ್ದು ಬಾಗಿಲಿಗೆ ಬಂದರೆ ರಸ್ತೆ ಖಾಲಿ. "ಎಂತ ಆಯ್ತ್ ನಿಮ್ಗೆ?" ಎಂದು ಹೆಂಡತಿ ಪದ್ಮಾಕ್ಷಿ ಕೇಳಿ ಕೇಳಿ ಸೋತಿದ್ದರು. ಏನೆಂದು ಹೇಳುವುದು? ಸತ್ತ ಶೇಖರನ ಗಾಡಿ ಬರುತ್ತದೆ ಅನ್ನುವುದೇ?

ಶೇಖರ ಮೀನು ಮಾರುವವನು. ಗಂಗೊಳ್ಳಿಯಲ್ಲಿ ಮೀನು ತುಂಬಿಕೊಂಡು ಯೆಜ್ಡಿಯಲ್ಲಿ ಊರೂರು ಸುತ್ತುತ್ತಿದ್ದ. ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ, ನಡುನಡುವೆ ಹೊಡೆತ ತಪ್ಪುತ್ತದೆ ಎಂದು ಮೂರು ಸಲ ಬಂದ. ಮೂರು ಸಲವೂ ಐತಾಳರು ಬಿಚ್ಚಿ, ತೊಳೆದು, ಗುಲ್ವಾಡಿ ತನಕ ಓಡಿಸಿ ನೋಡಿದರು. ಒಂದು ಹೊಡೆತವೂ ತಪ್ಪಲಿಲ್ಲ. "ಎಂತದೂ ಇಲ್ಲೆ ಮಾರಾಯ, ಸುಮ್ನೆ ಹೋಗ್" ಎಂದು ಕಳಿಸಿದರು. ಅದಾಗಿ ತಿಂಗಳೊಳಗೆ, ಬ್ರಹ್ಮಾವರದ ಹತ್ತಿರ ಹೆದ್ದಾರಿ ದಾಟುವಾಗ ನಟ್ಟನಡುವೆ ಇಂಜಿನ್ ನಿಂತಿತು. ಬರುತ್ತಿದ್ದ ಲಾರಿಗೆ ಬ್ರೇಕ್ ಹಿಡಿಯಲಾಗಲಿಲ್ಲ. ಶೇಖರ ಅಲ್ಲೇ ಹೋದ. ಅವನನ್ನು ಕೊಂದದ್ದು ತನ್ನ ಮಾತೇ? ಅಷ್ಟೇ ಐತಾಳರಿಗೆ ತಿಳಿಯಬೇಕಿತ್ತು.

ಮೊನ್ನೆ ಬೆಳಿಗ್ಗೆ ಅದೇ ಯೆಜ್ಡಿ ಶೆಡ್ಡಿನೆದುರು ಬಂದು ನಿಂತಿತು. ಐತಾಳರು ಸ್ಪ್ಯಾನರ್ ಇಟ್ಟು ಎದ್ದು ಬಂದರು. ಮೇಲೆ ಕೂತವಳು ಶೇಖರನ ಮಗಳು ಚಂದನಾ, ಹಿಂದೆ ಮೀನಿನ ಪೆಟ್ಟಿಗೆ.

"ಬಗ್ಗಿದ್ದೆಲ್ಲ ಸರಿ ಮಾಡ್ಸಿ ಈಗ ನಾನೇ ವ್ಯಾಪಾರಕ್ಕ್ ಹೋಪ್ದ್, ಐತಾಳ್ರೆ. ಮಿಸ್ಸಿಂಗ್ ಮಾತ್ರ ಹೋಯ್ಲಿಲ್ಲ. ಇದ್ರ್ ಮೇಲ್ ಕೂಕಂಬುಕೆ ಹೆದ್ರಿಕೆ ಆತ್ತ್."

ಹೇಳುತ್ತಲೇ ಅವಳು ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದಳು. ಆ ಶೆಡ್ಡಿನ ಕಟ್ಟಳೆ ಎಲ್ಲರಿಗೂ ಗೊತ್ತು. ಮನೆಯಂಗಳದ ಶೆಡ್ಡು, ಐತಾಳರಿಗೆ ಮೀನಿನ ವಾಸನೆ ಆಗದು. ಪೆಟ್ಟಿಗೆ ರಸ್ತೆಯಾಚೆ ಇಳಿಸಿ, ಗಾಡಿ ಒರೆಸಿ, ಬಿಸಿಲಿಗೆ ಒಣಗಿಸಿಯೇ ಒಳಗೆ ತರಬೇಕು. ಶೇಖರನೂ ಹಾಗೇ ಮಾಡುತ್ತಿದ್ದ.

ಪೆಟ್ಟಿಗೆಯ ಮೂಲೆಯಿಂದ ಸೀಟಿನಡಿಗೆ ನೀರು ತೊಟ್ಟಿಕ್ಕುತ್ತಿತ್ತು. ಐತಾಳರು ಅದನ್ನೇ ನೋಡುತ್ತ ನಿಂತವರು ಒಮ್ಮೆಲೇ ಕೂಗಿದರು, "ಹ್ವಾಯ್, ಬಿಚ್ಬೇಡ!"

ಪೆಟ್ಟಿಗೆ ಸಮೇತ ಗಾಡಿ ಹತ್ತಿ ಹೊರಟೇಬಿಟ್ಟರು. ಐತಾಳರು ಮೀನು ಹೊತ್ತುಕೊಂಡು ಹೋಗುವುದನ್ನು ಕಂಡು ಪೇಟೆಯವರು ಬಾಯಿ ಬಿಟ್ಟರು. ಗುಲ್ವಾಡಿಯ ತಿರುವಿನಲ್ಲಿ ಒಂದು ಹೊಡೆತ ತಪ್ಪಿತು. ಮತ್ತೊಂದು. ದಿನಾ ಸಂಜೆ ಕೇಳುತ್ತಿದ್ದ ಅದೇ ಸದ್ದು! ಬೆನ್ನ ಹಿಂದೆ ಶೇಖರನೇ ಕೂತಿದ್ದಾನೆ ಅನ್ನಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಇಂಜಿನ್ ನಿಂತಿತು.

ಸೀಟು ಎತ್ತಿದರು. ಮೀನಿನ ಉಪ್ಪುನೀರು ಬಿರುಕು ಬಿಟ್ಟ ಕಾಯಿಲ್ ವಯರಿನ ಮೇಲೆ ಇಳಿದು, ಪ್ಲಗ್ಗಿಗೆ ಹೋಗಬೇಕಾದ ಕರೆಂಟು ಗಾಡಿಯ ಮೈಗೆ ಹೋಗುತ್ತಿತ್ತು. ಒಣಗಿದರೆ ಸರಿ, ಒದ್ದೆಯಾದರೆ ಮಿಸ್ಸಿಂಗ್. ಅವರು ಮೂರು ಸಲವೂ ನೋಡಿದ್ದು ಒಣಗಿದ ಗಾಡಿಯನ್ನು.

ಬಿಸಿಲಲ್ಲಿ ತಳ್ಳಿಕೊಂಡೇ ಹಿಂದೆ ಬಂದರು. ವಯರ್ ಬದಲಿಸಿ ಸುಮ್ಮನಿದ್ದರೆ ಯಾರು ಕೇಳುತ್ತಿದ್ದರು? ಆದರೆ ಆಗಲಿಲ್ಲ, ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲೇ ಇಲ್ಲ.

"ಮಗಾ, ಪೆಟ್ಗಿ ಇಳ್ಸುಕೆ ಹೇಳಿದ್ದ್ ನಾನ್. ಅದಕ್ಕೇ ಮಿಸ್ಸಿಂಗ್ ನಂಗ್ ಸಿಕ್ಲಿಲ್ಲ. ನಿನ್ನಪ್ಪಯ್ಯ ಹೇಳಿದ್ದೇ ಸಮ ಇದ್ದಿತ್. ತಪ್ಪ್ ನಂದ್."

ಚಂದನಾ ಸೀಟಿನಡಿಗೆ ಬಗ್ಗಿ ಆ ವಯರನ್ನು ಮುಟ್ಟಿ ನೋಡಿದಳು.

"ಅಪ್ಪಯ್ಯ ನಿಮ್ಗ್ ಒಂದಿನವೂ ಬೈಲಿಲ್ಲ, ಐತಾಳ್ರೆ. ಐತಾಳ್ರೇ ಇಲ್ಲೆ ಅಂದ್ ಮೇಲ್ ಇಲ್ಲೆ, ನನ್ ಕೆಮಿಯೇ ಹಾಳಾಯ್ತ್ ಅಂದ್ಹೇಳಿ..." ಅವಳು ತನ್ನ ಕಿವಿ ಮುಟ್ಟಿ ತೋರಿಸಿದಳು. "ಕುಂದಾಪ್ರಕ್ಕ್ ಹೋಯಿ ಡಾಕ್ಟ್ರಿಗೆ ತೋರ್ಸ್ಕಂಡ್ ಬಂದ್ರ್."

ಐತಾಳರು ಕೇಳಿದರು, "ಡಾಕ್ಟ್ರ್ ಎಂತ ಹೇಳ್ರ್?"

"ಕೆಮಿ ಲಾಯ್ಕ್ ಇತ್ತ್, ಎಂತದೂ ಆಯ್ಲಿಲ್ಲ ಅಂದ್ರ್. ಅಪ್ಪಯ್ಯ ನಂಬ್ಲಿಲ್ಲ," ಎಂದಳು ಚಂದನಾ. "ನಿಮ್ಮನ್ನೇ ನಂಬ್ಕಂಡ್ ಗಾಡಿ ಹತ್ತಿದ್ರ್."