ಐದು ಸೇರಿಗೆ ಒಂದು ಪಾವು

ಮೇಸ್ತ್ರಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಉಳಿದ ಬೆರಳುಗಳಿಗಿಂತ ಕಪ್ಪು. ಆ ಕಪ್ಪು ಸೀಗೆಪುಡಿಗೂ ಹೋಗುತ್ತಿರಲಿಲ್ಲ, ಸೀಮೆಎಣ್ಣೆಗೂ ಹೋಗುತ್ತಿರಲಿಲ್ಲ. ಸ್ಕೂಟರ್ ಶೆಡ್ಡಿಗೆ ಬಂದರೆ ಮೊದಲು ಹೊಗೆಕೊಳವೆಯೊಳಗೆ ತೋರುಬೆರಳು ತೂರಿಸಿ, ಹತ್ತಿದ ಮಸಿಯನ್ನು ಹೆಬ್ಬೆರಳಿಗೆ ತಿಕ್ಕಿ, ಬೆಲ್ಲದ ಪಾಕ ಎಳೆ ಬಂತೋ ಇಲ್ಲವೋ ಎಂದು ನೋಡುವ ಹಾಗೆ ಬೆರಳು ಬಿಡಿಸಿ ನೋಡುತ್ತಿದ್ದರು. ಆಮೇಲೆ ಮೂಸುತ್ತಿದ್ದರು. ಅಷ್ಟಾದ ಮೇಲೆಯೇ ಮಾಲೀಕನ ಕಡೆ ತಿರುಗಿ "ಏನಾಯ್ತಪ್ಪ?" ಎಂದು ಕೇಳುತ್ತಿದ್ದುದು.

ನನ್ನ ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ಆ ಎರಡು ಬೆರಳುಗಳ ವಿಷಯದಲ್ಲಿ ಮಾತ್ರ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಮುಗಿಸಿ, ಕೆಲಸದ ಆರ್ಡರ್ ಬರುವ ತನಕ ಗುಂಡ್ಲುಪೇಟೆಯ ಅಕ್ಕನ ಮನೆಯಲ್ಲಿದ್ದೆ. ಭಾವ ಡಾಕ್ಟರು. ಊರಿಗೆ ಬಂದ ಎರಡನೆಯದೋ ಮೂರನೆಯದೋ ಸ್ಕೂಟರ್ ಅವರದು. ಅದನ್ನು ನೋಡಿಕೊಳ್ಳುತ್ತಿದ್ದವರು ಊಟಿ ರಸ್ತೆಯ ಶೆಡ್ಡಿನ ಮೇಸ್ತ್ರಿ. ಉಮ್ಮತ್ತೂರಿನ ಕಡೆಯವರು, ಚಾಮರಾಜನಗರದ ಅಕ್ಕಿ ಗಿರಣಿಯಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುತ್ತಾ ಕೆಲಸ ಕಲಿತವರು. ಓದು ಬರಹ ಬರುತ್ತಿರಲಿಲ್ಲ.

ಆ ಕಾಲದ ಸ್ಕೂಟರಿಗೆ ಎಣ್ಣೆಯ ಬೇರೆ ಪಾತ್ರೆ ಇರಲಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕಬೇಕು. ಆ ಎಣ್ಣೆಯೇ ಒಳಗೆ ಓಡಾಡುವ ಪಿಸ್ಟನ್ನಿಗೆ ಜಾರುವ ದಾರಿ ಮಾಡಿಕೊಡುವುದು. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ. ಮೇಸ್ತ್ರಿಯ ಲೆಕ್ಕ ಧಾನ್ಯ ಅಳೆಯುವ ಹಿತ್ತಾಳೆ ಅಳತೆಯದು: ಐದು ಸೇರು ಪೆಟ್ರೋಲಿಗೆ ಒಂದು ಪಾವು ಎಣ್ಣೆ. ಸೇರಿಗೆ ನಾಲ್ಕು ಪಾವು, ಅಂದರೆ ಇಪ್ಪತ್ತಕ್ಕೆ ಒಂದು. ಇಬ್ಬರು ಕೂತು ಗೋಪಾಲಸ್ವಾಮಿ ಬೆಟ್ಟ ಹತ್ತುವುದಾದರೆ ಮೇಲೊಂದು ಚಟಾಕು, ಕಾಲು ಪಾವು. ಪೆಟ್ರೋಲ್ ತೊಟ್ಟಿಗೆ ನೇರವಾಗಿ ಎಣ್ಣೆ ಸುರಿದವರನ್ನು ಬೈಯುತ್ತಿದ್ದರು. "ಮೊದ್ಲು ಡಬ್ಬದಲ್ಲಿ ಕುಲುಕ್ಲಾ! ಮಜ್ಜಿಗೇಗೆ ಉಪ್ಪು ಬೆರ್‍ಸಕೂ ಬರಕಿಲ್ವಾ ನಿಂಗೆ?"

ಶೆಡ್ಡಿನ ಗೋಡೆಗೆ ಒಂದು ಹಲಗೆ ಹೊಡೆದಿದ್ದರು. ಅದರ ಮೊಳೆಗಳಿಗೆ ಹಳೆಯ ಸ್ಪಾರ್ಕ್ ಪ್ಲಗ್ಗುಗಳನ್ನು ಸಾಲಾಗಿ ಕಟ್ಟಿದ್ದರು. ಎಡಗಡೆ ಎಣ್ಣೆ ಕುಡಿದು ಕರ್ರಗಾದವು, ನಡುವೆ ಅಳತೆ ಸರಿಯಿದ್ದು ಹುರಿದ ಕಾಫಿಬೀಜದ ಬಣ್ಣಕ್ಕೆ ಬಂದವು. ಬಲತುದಿಯಲ್ಲಿ ಒಂದು ಮೊಳೆ ಖಾಲಿ. ಯಾವ ಪ್ಲಗ್ಗು ಯಾವ ಮಿಶ್ರಣದಲ್ಲಿ ಎಷ್ಟು ದೂರ ಓಡಿತ್ತೆಂದು ಬಾಯಲ್ಲೇ ಹೇಳುತ್ತಿದ್ದರು. ಅದು ಪ್ರಯೋಗಶಾಲೆಯ ಪಟ್ಟಿ ಎಂದು ಆಗ ನನಗೆ ತಿಳಿಯಲಿಲ್ಲ. ಗುಜರಿ ಎಂದುಕೊಂಡಿದ್ದೆ.

ಅಕ್ಕನಿಗೆ ಹೊಗೆ ಕಂಡರೆ ಆಗುತ್ತಿರಲಿಲ್ಲ. ಒಣಹಾಕಿದ ಬಟ್ಟೆಯೆಲ್ಲ ನಾರುತ್ತದೆ ಎಂದು ಗೊಣಗುತ್ತಿದ್ದಳು. ನಾನು ಮೈಸೂರಿನ ವಾಚನಾಲಯದಲ್ಲಿ ಪರದೇಶದ ಒಂದು ಮೋಟಾರು ಪತ್ರಿಕೆ ನೋಡಿದ್ದೆ. ನಲವತ್ತಕ್ಕೆ ಒಂದು ಸಾಕು ಎಂದು ಅದರಲ್ಲಿ ಅಚ್ಚಾಗಿತ್ತು. ಶೆಡ್ಡಿಗೆ ಹೋಗಿ ಮೇಸ್ತ್ರಿಗೆ ಪಾಠ ಹೇಳಿದೆ.

ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸದೆ ಕೇಳಿದರು. "ಎಣ್ಣೆ ಯಾವ್ದಂತೆ ಕಾಲೇಜಪ್ಪ?"

"ಎಣ್ಣೆ ಎಣ್ಣೆಯೇ ಅಲ್ಲವೇ ಮೇಸ್ತ್ರಿ?"

"ಅಂಗಾದ್ರೆ ಅಕ್ಕಾರಿಗೆ ಯೇಳಿ, ನಾಳೆ ದೋಸೆಗೆ ಹರಳೆಣ್ಣೆ ಬುಡ್ಲಿ" ಎಂದರು. ಶೆಡ್ಡಿನಲ್ಲಿದ್ದ ಲಾರಿಯವರೆಲ್ಲ ನಕ್ಕರು. "ಅವ್ರು ಬರ್ದಿರದು ಅವ್ರ ಎಣ್ಣೆಗೆ ಕಣಪ್ಪ. ನಮ್ದು ಲಾರಿಗೆ ಆಕೋ ಎಣ್ಣೆ."

ಪದವೀಧರನಿಗೆ ಆ ನಗು ನಾಟಿತು. ಮನೆಯಲ್ಲಿ ಪೆಟ್ರೋಲ್ ಬೆರೆಸುವ ಕೆಲಸ ನನ್ನದು; ಅದಕ್ಕೆಂದು ಮೇಸ್ತ್ರಿಯೇ ಒಂದು ಬಿದಿರಿನ ಅಳತೆಕೋಲು ಕೊಟ್ಟಿದ್ದರು. ಡಬ್ಬದೊಳಗೆ ನಿಲ್ಲಿಸಿ ಕೆಳಗಿನ ಗೀಟಿನವರೆಗೆ ಎಣ್ಣೆ, ಮೇಲಿನ ಗೀಟಿನವರೆಗೆ ಪೆಟ್ರೋಲ್. ನಾನು ಯಾರಿಗೂ ಹೇಳದೆ ಚಾಕು ತೆಗೆದುಕೊಂಡು ಕೆಳಗಿನ ಗೀಟಿಗಿಂತ ಕೆಳಗೆ ಇನ್ನೊಂದು ಗೀಟು ಹಾಕಿ ಅಲ್ಲಿಯವರೆಗೇ ಎಣ್ಣೆ ಬಿಟ್ಟೆ. ಅರ್ಧ ಪಾವು. ಹೊಗೆ ನಿಂತಿತು. "ಮೇಸ್ತ್ರಿಗೆ ಈಗ ಕೈ ಕುದುರಿದೆ" ಎಂದು ಭಾವ ಮೆಚ್ಚಿಕೊಂಡರು. 

ಒಂದು ವಾರ ಕಳೆದಿರಬೇಕು. ಬೇಗೂರಿನಲ್ಲಿ ಚೊಚ್ಚಲ ಹೆರಿಗೆ ಕಷ್ಟವಾಗಿದೆ ಎಂದು ಮಧ್ಯಾಹ್ನದ ಬಸ್ಸಿನಲ್ಲಿ ಒಬ್ಬರು ಓಡಿಬಂದರು. ಭಾವ ಉರಿಬಿಸಿಲಲ್ಲಿ ಸ್ಕೂಟರನ್ನು ಜೋರಾಗಿ ಬಿಟ್ಟುಕೊಂಡು ಹೊರಟರು. ಅರ್ಧ ದಾರಿಯಲ್ಲಿ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಹೋಯಿತು. ಭಾವ ರಸ್ತೆಗೆ ಬಿದ್ದರು. ಮೊಣಕಾಲು ತರಚಿತು, ಔಷಧದ ಬ್ಯಾಗು ಹೊಲಕ್ಕೆ ಹಾರಿತು. ಎತ್ತಿನ ಗಾಡಿಯಲ್ಲಿ ಬೇಗೂರು ಮುಟ್ಟುವ ಹೊತ್ತಿಗೆ ತಾಯಿಯ ಮೈ ತಣ್ಣಗಾಗುತ್ತ ಬಂದಿತ್ತಂತೆ. ತಾಯಿ, ಮಗು ಇಬ್ಬರೂ ಉಳಿದರು. ಕೂದಲೆಳೆಯಲ್ಲಿ ಉಳಿದರು ಎಂದು ಭಾವ ಕೊನೆಯವರೆಗೂ ಹೇಳುತ್ತಿದ್ದರು.

ಮರುದಿನ ಸ್ಕೂಟರನ್ನು ಗಾಡಿಗೆ ಹೇರಿಸಿ ಶೆಡ್ಡಿಗೆ ತಂದರು. ಜೊತೆಯಲ್ಲಿ ನಾನೂ ಇದ್ದೆ. ಲಾರಿಯವರ ಎದುರಿಗೇ ಭಾವ ಕೂಗಾಡಿದರು. "ಎರಡು ಜೀವ ಹೋಗೋದಿತ್ತಲ್ಲಯ್ಯ ನಿನ್ನ ಎಣ್ಣೆ ಲೆಕ್ಕದಿಂದ! ಇನ್ನು ಮೇಲೆ ಗಾಡಿ ಮೈಸೂರಿಗೇ ಕಳಿಸ್ತೀನಿ."

ಡಾಕ್ಟರು ಬಿಟ್ಟ ಶೆಡ್ಡನ್ನು ಊರೂ ಬಿಡುತ್ತದೆ. ಅದು ಮೇಸ್ತ್ರಿಗೂ ಗೊತ್ತು, ನನಗೂ ಗೊತ್ತು. ಮೇಸ್ತ್ರಿ ತೊಟ್ಟಿಯ ಮುಚ್ಚಳ ತೆಗೆದು ಬೆರಳು ಅದ್ದಿದರು. ಹೆಬ್ಬೆರಳಿಗೆ ತಿಕ್ಕಿದರು, ಬಿಡಿಸಿ ನೋಡಿದರು, ಮೂಸಿದರು. ಆಮೇಲೆ ತಲೆಯೆತ್ತಿ ನೋಡಿದ್ದು ಭಾವನನ್ನಲ್ಲ, ನನ್ನನ್ನು.

"ತಪ್ಪಾಗ್ಬುಟ್ಟದ ಡಾಕ್ಟ್ರೇ" ಎಂದರು. "ನಾನೇ ಸರಿ ಮಾಡ್ಕೊಡ್ತೀನಿ. ಸರಿ ಬರ್ನಿಲ್ಲ ಅಂದ್ರೆ ಆಮೇಲೆ ಮೈಸೂರಿಗೆ ಕಳ್ಸುವ್ರಂತೆ."

ಮೂರು ದಿನ ಅವರ ಪಕ್ಕದಲ್ಲಿ ಕೂತು ನಾನೂ ಕೆಲಸ ಮಾಡಿದೆ. ಸಿಲಿಂಡರಿನ ಗೀರುಗಳನ್ನು ನಯವಾದ ಉಪ್ಪುಕಾಗದದಲ್ಲಿ ತಿಕ್ಕಿಸಿದರು. ಒಂದು ಮಾತೂ ಬೈಯಲಿಲ್ಲ. "ಅವಸ್ರ ಮಾಡ್ಬ್ಯಾಡಿ, ದುಂಡಗೆ ತಿಕ್ಕಿ" ಎಂದಷ್ಟೇ ಹೇಳುತ್ತಿದ್ದರು. ಆ ಸ್ಕೂಟರಿನ ಪ್ಲಗ್ಗು ಎಣ್ಣೆ ಸಾಲದೆ ಕಾದು ಸುಣ್ಣದಂತೆ ಬೆಳ್ಳಗಾಗಿತ್ತು. ಅದನ್ನು ಬಲತುದಿಯ ಖಾಲಿ ಮೊಳೆಗೆ ಕಟ್ಟಿದರು. ಮೂರನೆಯ ದಿನ ಎಂಜಿನ್ ಮೊದಲ ಒದೆತಕ್ಕೇ ಹತ್ತಿತು. ಆಗ ನಾನು ಭಾವನ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ.

ಈ ಕಥೆಯನ್ನು ನಾನು ಬಹಳ ವರ್ಷ ಹೀಗೇ ಹೇಳಿಕೊಂಡು ಬಂದೆ. ಮೇಷ್ಟ್ರಾಗಿ ತರಗತಿಯಲ್ಲೂ ಹೇಳಿದೆ. ಪುಸ್ತಕದಲ್ಲಿ ಯಾವ ಸಂಖ್ಯೆ ಕಂಡರೂ ಮೊದಲು "ಎಣ್ಣೆ ಯಾವುದು?" ಎಂದು ಕೇಳಿ ಎಂದು ಹುಡುಗರಿಗೆ ಕಲಿಸಿದೆ. ಆ ಪ್ರಶ್ನೆಯನ್ನು ನನ್ನ ಕಥೆಗೆ ಮಾತ್ರ ಕೇಳಿಕೊಂಡಿರಲಿಲ್ಲ.

ಮೇಸ್ತ್ರಿ ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಶೆಡ್ಡಿಗೆ ಹೋದೆ. ಅವರ ಮಗಳು, ಎರಡು ಮಕ್ಕಳ ತಾಯಿ, ಬಾಗಿಲು ತೆಗೆದಳು. ಹಲಗೆ ಗೋಡೆಯಲ್ಲೇ ಇತ್ತು. ನಾನು ಬಲತುದಿ ನೋಡುತ್ತಿರುವುದನ್ನು ಕಂಡು ಹೇಳಿದಳು. "ಅದಾ ಸಾ? ಅದೊಂದು ನಮ್ಮಪ್ಪಾರು ಕೆಡಿಸಿದ್ದಂತೆ. ಡಾಕ್ಟ್ರ ಗಾಡಿದು. ಅದಾದ್ ಮೇಲೆ ಗಾಡಿ ಮಾರೋಗಂಟ ಡಾಕ್ಟ್ರು ಬಂದು ಎದ್ರುಗೇ ನಿಂತ್ಕಂಡು ಎಣ್ಣೆ ಅಳಸ್ಕೊಂಡೋಗೋರು. ಅಪ್ಪಾರು ಏನೂ ಅಂತಿರ್ನಿಲ್ಲ."

ಹೌದು. ಭಾವ ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತು ಪಾವನ್ನೇ ದಿಟ್ಟಿಸುತ್ತಿದ್ದುದು ನನಗೂ ನೆನಪಿದೆ. ನಾನು ಒಪ್ಪಿಕೊಂಡಿದ್ದರೆ ಅವರೇಕೆ ಹಾಗೆ ನಿಲ್ಲಬೇಕಿತ್ತು? ಆ ಮೂರನೆಯ ದಿನವನ್ನು ನೆನಪಿನಲ್ಲಿ ಮತ್ತೆ ಮತ್ತೆ ತಡಕಿದೆ. ಎಂಜಿನ್ ಹತ್ತಿದ ಸದ್ದು ಸಿಕ್ಕಿತು. ನಾನು ಆಡಿದೆನೆಂದುಕೊಂಡಿದ್ದ ಒಂದು ಮಾತೂ ಸಿಗಲಿಲ್ಲ, ಭಾವನ ಉತ್ತರವೂ ಸಿಗಲಿಲ್ಲ. ಕೇಳೋಣವೆಂದರೆ ಭಾವನೂ ಬದುಕಿರಲಿಲ್ಲ.

"ಅಲ್ಲಮ್ಮ" ಎಂದೆ. "ಅದು ನಿಮ್ಮ ಅಪ್ಪನ ತಪ್ಪಲ್ಲ. ನನ್ನದು." ಅಳತೆಕೋಲು, ಚಾಕು, ಅರ್ಧ ಪಾವು, ಎಲ್ಲವನ್ನೂ ಹೇಳಿದೆ.

ಅವಳು ನನ್ನನ್ನೇ ನೋಡಿದಳು, ಅವಳಪ್ಪ ಅಂದು ನೋಡಿದ ಹಾಗೆಯೇ. ಆಮೇಲೆ ಸ್ಟೂಲು ಎಳೆದು ಹತ್ತಿ, ಮೊಳೆಯ ತಂತಿ ಬಿಚ್ಚಿ, ಪ್ಲಗ್ಗನ್ನು ನನ್ನ ಅಂಗೈಯಲ್ಲಿಟ್ಟಳು.

"ಅಂಗಾದ್ರೆ ಇದ ನೀವೇ ಮಡಿಕಳಿ ಸಾ" ಎಂದಳು.

ಅದು ಈಗ ನನ್ನ ಮೇಜಿನ ಮೇಲಿದೆ. ಇನ್ನೂ ಬೆಳ್ಳಗೇ ಇದೆ.