ಒಂದು ಗುಟುಕು

ಎಪ್ಪತ್ತರ ದಶಕದ ಕೊನೆಯಲ್ಲಿ ಜಯನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಗೌರಮ್ಮ ನರ್ಸಾಗಿದ್ದರು. ಚಿಕ್ಕಲಸಂದ್ರದ ರೈತರ ಮನೆಯ ಹೆಣ್ಣುಮಗಳು. ಅಪ್ಪನ ವಿರೋಧ ಕಟ್ಟಿಕೊಂಡು ನರ್ಸಿಂಗ್ ಓದಿದವರು. ಸೀರೆಗೆ ಹಾಕಿದ ಗಂಜಿ ಎಷ್ಟು ಗಟ್ಟಿಯೋ ಮಾತು ಅಷ್ಟೇ ಮೆದು. ಅಲ್ಲಿನ ಡಾಕ್ಟರ್ ಶ್ರೀಕಂಠಯ್ಯನವರ ಗಂಟಲು ಮಾತ್ರ ಬೀದಿಗೆಲ್ಲ ಕೇಳಿಸುತ್ತಿತ್ತು.

ಮಾತ್ರೆ ನುಂಗದ, ಪಥ್ಯ ಮುರಿದ ರೋಗಿಗಳನ್ನು ಇಬ್ಬರೂ ಸೇರಿಯೇ ದಾರಿಗೆ ತರುತ್ತಿದ್ದರು. ಮೊದಲು ಡಾಕ್ಟರು ಚೆನ್ನಾಗಿ ಬೈದು ಹೊರಗೆ ಹೋಗಬೇಕು. ಆಮೇಲೆ ಗೌರಮ್ಮ ಗಂಜಿಯ ಲೋಟ ಹಿಡಿದು ಬಂದು, "ಡಾಕ್ಟರ ಮಾತಿಗೆ ಬೇಜಾರು ಮಾಡ್ಕೋಬೇಡಿ. ನಾನಿದೀನಲ್ಲ, ಒಂದು ಗುಟುಕು ಕುಡೀರಿ" ಎನ್ನಬೇಕು. ನಾಟಕ ಎನ್ನುವವರು ಎನ್ನಲಿ, ಲೋಟವಂತೂ ಖಾಲಿಯಾಗುತ್ತಿತ್ತು.

ಒಂದು ಸಲ ಡಾಕ್ಟರಿಗೇ ಟೈಫಾಯಿಡ್ ಬಂದು ಅದೇ ವಾರ್ಡಿನಲ್ಲಿ ಮಲಗಬೇಕಾಯಿತು. ಗಂಜಿ ತಂದರೆ ಬೇಡವೆಂದು ಮುಖ ತಿರುಗಿಸಿದರು. ಅವರಿಗೆ ಬೈಯುವ ಧೈರ್ಯ ಯಾರಿಗಿದೆ? ಗೌರಮ್ಮ ಸೆರಗು ಸಿಕ್ಕಿಸಿಕೊಂಡರು.

"ಏನ್ ಸಾರ್ ಇದು, ಚಿಕ್ಕ ಮಕ್ಕಳ ಥರ? ಬಾಯಿ ತೆಗೀರಿ!"

ವಾರ್ಡಿಗೆ ವಾರ್ಡೇ ಎದ್ದು ಕೂತಿತು.

"ಬೈಯೋದು ನನ್ ಕೆಲಸ ಅಲ್ವೇನಮ್ಮ?" ಎಂದರು ಡಾಕ್ಟರು, ಸೋತ ದನಿಯಲ್ಲಿ. "ಅದನ್ನೂ ನೀವೇ ಮಾಡಿದ್ರೆ ಸಮಾಧಾನ ಮಾಡೋರು ಯಾರು?"

ಗೌರಮ್ಮ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿಕೊಂಡರು. ಗಂಜಿಯ ಲೋಟ ಕೈಯಲ್ಲೇ ಉಳಿಯಿತು.

ಪಕ್ಕದ ಮಂಚದಲ್ಲಿ ತಲಘಟ್ಟಪುರದ ಬೋರಯ್ಯನಿದ್ದ. ಹಿಂದಿನ ವಾರವಷ್ಟೇ ಇದೇ ಡಾಕ್ಟರ ಕೈಲಿ ಬೈಸಿಕೊಂಡವನು. ಅವನು ಗೋಡೆ ಹಿಡಿದು ಮೆಲ್ಲಗೆ ಎದ್ದು ಬಂದು, ಆ ಲೋಟವನ್ನು ತೆಗೆದುಕೊಂಡ.

"ಸಿಸ್ಟರಮ್ಮನ ಮಾತಿಗೆ ಬೇಜಾರು ಮಾಡ್ಕೋಬೇಡಿ ಸಾರ್. ನಾನಿದೀನಲ್ಲ, ಒಂದು ಗುಟುಕು ಕುಡೀರಿ."